ಓಡಿಹೋದವಳ ಕೇಕು, ಹದಿನಾಲ್ಕನೇ ಸಲ

ಹದಿನಾಲ್ಕನೇ ಸಲಕ್ಕೆ ಕೇಕಿನ ಕ್ರೀಮು ಕುಸಿಯದೆ ನಿಂತಿತು. ಚಾಕು ಇಳಿಸಿದರೂ ಪಕ್ಕಕ್ಕೆ ಜಾರಲಿಲ್ಲ. "ಎರಡು ಬೆರಳು ದಪ್ಪ ಬರೀ ಹಾಲಿನ ಕ್ರೀಮು, ಅದೂ ಬೆಂಗಳೂರಿನ ಏಪ್ರಿಲ್‌ನಲ್ಲಿ? ಆಗದ ಮಾತು" ಅಂದಿದ್ದ ಬೇಕಿಂಗ್ ಗೆಳತಿಯರಿಗೆ ಅವತ್ತೇ ಫೋಟೋ ಕಳಿಸಿದೆ. ಸುಮ್ನೆ ಇರೋಕೆ ಆಗಲಿಲ್ಲ.

ಕೇಕಿನ ಹೆಸರು ರಿಗೋ ಯಾಂಚಿ. ಹಂಗೇರಿಯ ಬುಡಾಪೆಸ್ಟಿನಲ್ಲಿ ಕೆಲಸಕ್ಕಿದ್ದ ತಮ್ಮನ ಮನೆಗೆ ಹೋದಾಗ ಮೊದಲು ತಿಂದೆ. ಕೆಳಗೊಂದು, ಮೇಲೊಂದು ತೆಳು ಚಾಕೊಲೇಟ್ ಸ್ಪಂಜು. ನಡುವೆ ಗೋಡೆಯಂಥ ಚಾಕೊಲೇಟ್ ಕ್ರೀಮು. ತಮ್ಮ ಅಂದ, "ಅಕ್ಕಾ, ಇದು ಒಬ್ಬ ಪಿಟೀಲು ವಾದಕನ ಹೆಸರು. ಅವನ ಜೊತೆ ಒಬ್ಬ ರಾಜಕುಮಾರಿ ಓಡಿಹೋಗಿದ್ದಳು." ಮೊದಲು ಅಂಟಿಕೊಂಡಿದ್ದು ಕತೆ. ಕೇಕು ಆಮೇಲೆ.

ಆಕೆ ಕ್ಲಾರಾ ವಾರ್ಡ್. 1873ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಹುಟ್ಟಿದವಳು. ಅಪ್ಪ ಕಬ್ಬಿಣ, ಹಡಗುಗಳಲ್ಲಿ ದುಡ್ಡು ಮಾಡಿದ ಸಾಹುಕಾರ. ಅವಳಿಗೆ ಎರಡು ತುಂಬುವ ಮೊದಲೇ ತೀರಿಕೊಂಡ. 1890ರಲ್ಲಿ, ಇನ್ನೂ ಹದಿನೇಳು ತುಂಬಿರಲಿಲ್ಲ, ಬೆಲ್ಜಿಯಂನ ಶಿಮೇ ರಾಜಮನೆತನದ ಹುಡುಗನ ಜೊತೆ ಮದುವೆ. ಅವನ ಕಡೆ ಬಿರುದು, ಇವಳ ಕಡೆ ದುಡ್ಡು. ಎರಡು ಮಕ್ಕಳಾದವು. 1896ರಲ್ಲಿ ಪ್ಯಾರಿಸಿನ ಹೋಟೆಲೊಂದರಲ್ಲಿ ಯಾಂಚಿಯ ಪಿಟೀಲು ಕೇಳಿದಳು. ಹಂಗೇರಿಯ ರೋಮಾ ಸಮುದಾಯದವನು (ಅಲೆಮಾರಿಗಳು ಅಂತಲೇ ಜನ ಅಂದುಕೊಳ್ಳುವ ಸಮುದಾಯ), ವಾದ್ಯತಂಡದ ಮುಂದಾಳು. ಅವನಿಗೂ ಮದುವೆಯಾಗಿತ್ತು. ಆ ಡಿಸೆಂಬರಿನಲ್ಲೇ ಇಬ್ಬರೂ ಹೊರಟುಹೋದರು. ಜನವರಿಗೆ ಅವಳ ವಿಚ್ಛೇದನವೂ ಆಯಿತು.

ಡೇರೆ, ಗಾಡಿ, ಬೆಂಕಿ ಸುತ್ತ ಕುಣಿತ ಅಂತೆಲ್ಲ ಊಹಿಸಿಕೊಳ್ಳಬೇಡಿ. ಆತ ಹೋಟೆಲಿನಲ್ಲಿ ನುಡಿಸಿ ಹೊಟ್ಟೆ ಹೊರೆಯುತ್ತಿದ್ದ ಕಲಾವಿದ. ಈ ಕನಸೆಲ್ಲ ಶ್ರೀಮಂತರದ್ದು.

ಸರಿ, ಕೆಲಸಕ್ಕೆ ಬರೋಣ. ಸ್ಪಂಜು ನಿಮಗೆಲ್ಲ ಗೊತ್ತಿರೋದೇ. ಆರು ಮೊಟ್ಟೆ, ಹಳದಿ ಬಿಳಿ ಬೇರೆ ಬೇರೆ, ನಲವತ್ತು ಗ್ರಾಂ ಆಸುಪಾಸು ಕೋಕೋ. ನನ್ನನ್ನು ಅಳಿಸಿದ್ದು ಕ್ರೀಮು. ಮೊದಲ ನಾಲ್ಕು ಸಲ ಅಂಗಡಿಯಲ್ಲಿ ಸಿಗುವ 25% ಕೊಬ್ಬಿನ ಪೊಟ್ಟಣದ ಕ್ರೀಮು ಹಾಕಿದೆ. ಎಷ್ಟು ಬೀಟ್ ಮಾಡಿದರೂ ಪಾಯಸವೇ. ಐದನೆಯದಕ್ಕೆ ಡೈರಿಯಲ್ಲದ ವಿಪ್ ಕ್ರೀಮು. ನಿಂತಿತು, ಆದರೆ ಬಾಯಲ್ಲಿ ಮೇಣ. ಕೊನೆಗೆ 35% ಕೊಬ್ಬಿನ ಹಾಲಿನ ಕ್ರೀಮಿಗೇ ಬಂದೆ. ಒಂದು ಪಾಲು ಡಾರ್ಕ್ ಚಾಕೊಲೇಟಿಗೆ ಎರಡು ಪಾಲು ಕ್ರೀಮು. ಬಿಸಿ ಮಾಡಿ ಕರಗಿಸಿ, ಇಡೀ ರಾತ್ರಿ ಫ್ರಿಜ್‌ನಲ್ಲಿಟ್ಟು ಬೆಳಿಗ್ಗೆ ಬೀಟ್ ಮಾಡಬೇಕು. ಆತುರಕ್ಕೆ ಮೂರು ಗಂಟೆಯಲ್ಲೇ ತೆಗೆದಾಗಲೆಲ್ಲ ಕೆಟ್ಟಿತು. ಅರ್ಧ ನಿಮಿಷ ಜಾಸ್ತಿ ಬೀಟ್ ಮಾಡಿದರೆ ರವೆ ರವೆ. ಹತ್ತನೇ ಸಲ ನಿಂತಿತ್ತು ಅಂದುಕೊಂಡು ಆರ್ಡರ್ ಬೇರೆ ತಗೊಂಡೆ. ಆಟೋದಲ್ಲಿ ಹೋಗುವಾಗ ಕುಸಿದು, 1,500 ರೂಪಾಯಿ ವಾಪಸ್ ಕೊಟ್ಟೆ.

ಆಮೇಲೆ ಕ್ರೀಮಿಗೆ ಒಂದು ಸಾಮಾನು ಸೇರಿಸಿದೆ. ಜೆಲಟಿನ್ ಅಲ್ಲ, ಕಾರ್ನ್‌ಫ್ಲೋರ್ ಅಲ್ಲ. ನಿಮ್ಮ ಅಡುಗೆಮನೆಯಲ್ಲೂ ಇದೆ. ಹೆಸರು ಮಾತ್ರ ಹೇಳೋದಿಲ್ಲ. ಹನ್ನೆರಡು ಸಾವಿರ ಸುರಿದು ಕಲಿತಿದ್ದೇನೆ, ಬೈಕೋಬೇಡಿ.

ಇನ್ನೊಂದನ್ನು ಹೇಳಿಬಿಡ್ತೀನಿ. ಮೇಲಿನ ಸ್ಪಂಜಿಗೆ ಜಾಮು ಸವರಿ, ಚಾಕೊಲೇಟ್ ಸುರಿದು, ಅದು ಪೂರ್ತಿ ಗಟ್ಟಿಯಾಗುವ ಮೊದಲೇ ಹನ್ನೆರಡು ಚೌಕ ಕತ್ತರಿಸಿ. ಆಮೇಲೆ ಒಂದೊಂದಾಗಿ ಕ್ರೀಮಿನ ಮೇಲೆ ಜೋಡಿಸಿ. ಎಲ್ಲ ಸೇರಿಸಿದ ಮೇಲೆ ಕತ್ತರಿಸಿದರೆ ಒತ್ತಡಕ್ಕೆ ಕ್ರೀಮು ಹೊರಗೆ ಬಂದೇ ಬರುತ್ತದೆ. ಜಾಮು ಏಪ್ರಿಕಾಟಿನದು. ಒಣ ಏಪ್ರಿಕಾಟ್, ಅಂದರೆ ಜರ್ದಾಳು, ನೆನೆಸಿ ಬೇಯಿಸಿಕೊಂಡೆ, ಅಗ್ಗವಾಯಿತು. ನಡುವೆ ಕೊಡಗಿನ ಕಿತ್ತಳೆ ಮಾರ್ಮಲೇಡ್ ಹಾಕಿ ನೋಡಿದ್ದೆ. ರುಚಿ ಚೆನ್ನಾಗೇ ಇತ್ತು, ಆದರೆ ಅದು ಯಾಂಚಿ ಅಲ್ಲ. ಮೊಟ್ಟೆ ಇಲ್ಲದೆ ಮೊಸರು ಹಾಕಿ ಮಾಡಿದ್ದನ್ನು ಅತ್ತೆಯೊಬ್ಬರೇ ತಿಂದರು. ಕೋಕೋ ಪುತ್ತೂರು ಕಡೆಯದು. ಅಡಿಕೆ ತೋಟದಲ್ಲಿ ಬೆಳೆದದ್ದು ಹಂಗೇರಿ ಕೇಕಿಗೆ ಏನೂ ಕಮ್ಮಿಯಾಗಲಿಲ್ಲ.

ಡಬ್ಬಿಯೊಳಗೆ ಒಂದು ಚೀಟಿ ಇಡುತ್ತೇನೆ, ಅವರ ಕತೆ ಬರೆದು. ಮೊದಲು 'ಜಿಪ್ಸಿ ಕೇಕು' ಅಂತ ಬರೆದಿದ್ದೆ. ಆ ಹೆಸರು ಯಾಂಚಿಯ ಸಮುದಾಯದ ಬಹಳ ಜನಕ್ಕೆ ಬೈಗುಳ ಅಂತ ತಮ್ಮ ಹೇಳಿದ ಮೇಲೆ ರೋಮಾ ಅಂತ ತಿದ್ದಿದೆ. ಅವರ ಹಿರಿಯರು ಸಾವಿರ ವರ್ಷದ ಹಿಂದೆ ನಮ್ಮ ಉತ್ತರ ಭಾರತದಿಂದ ಹೋದವರೇ. ಅವರ ಭಾಷೆಯಲ್ಲಿ ನೀರಿಗೆ ಪಾನಿ, ಮನುಷ್ಯನಿಗೆ ಮನುಷ್. ಇದನ್ನೂ ಚೀಟಿಯಲ್ಲಿ ಹಾಕಿದೆ. ಗಿರಾಕಿಗಳು ಕೇಕಿಗಿಂತ ಇದರ ಬಗ್ಗೆಯೇ ಜಾಸ್ತಿ ಕೇಳುತ್ತಾರೆ.

ಒಬ್ಬರು ಮದುವೆ ವಾರ್ಷಿಕೋತ್ಸವಕ್ಕೆ ತರಿಸಿಕೊಂಡರು. ಚೀಟಿ ಓದಿ ಫೋನ್ ಮಾಡಿದರು. "ಏನಮ್ಮಾ, ಗಂಡನ್ನ ಬಿಟ್ಟು ಹೋದವಳ ಕೇಕು ಕಳಿಸಿದ್ದೀಯಲ್ಲ!" ನನಗೆ ಬಾಯಿ ಕಟ್ಟಿತು. ಹಿಂದೆಯೇ ಅವರ ಹೆಂಡತಿ ಫೋನ್ ಕಿತ್ತುಕೊಂಡು, "ಮುಂದೇನಾಯ್ತು ಅಂತ ಬರೆದೇ ಇಲ್ಲ?" ಅಂದರು.

ಹೇಳಿದೆ. ಯಾಂಚಿಯನ್ನು ಮದುವೆಯಾದಳು. ಮೈಗಂಟಿದ ಉಡುಪಿನಲ್ಲಿ ಪ್ಯಾರಿಸಿನ ರಂಗದ ಮೇಲೆ ನಿಂತಳು. ಅವಳ ಫೋಟೋಗಳನ್ನು ಜರ್ಮನಿಯ ಚಕ್ರವರ್ತಿ ಕೈಸರ್ ನಿಷೇಧಿಸಿದ. ಯಾಂಚಿಯನ್ನೂ ಬಿಟ್ಟಳು, ಮತ್ತೆ ಮದುವೆಯಾದಳು. 1916ರಲ್ಲಿ ಇಟಲಿಯ ಪಾದುವಾದಲ್ಲಿ ತೀರಿಕೊಂಡಳು, 43 ವರ್ಷಕ್ಕೆ.

ಸ್ವಲ್ಪ ಹೊತ್ತು ಆ ಕಡೆ ಮಾತಿಲ್ಲ. ಆಮೇಲೆ, "ಮುಂದಿನ ತಿಂಗಳು ನನ್ನ ಹುಟ್ಟಿದ ಹಬ್ಬ. ಆರು ಪೀಸ್ ಬರೆದುಕೊಳ್ಳಿ" ಅಂದರು.