ತಾರಸಿಯ ಮೇಲೆ ದೊಂಗ್‌ಝಿ ಹಿಡಿದ ಕಥೆ

ಕಂಬದ ನೆರಳು ಅಳೆದು ದೊಂಗ್‌ಝಿಯ ಗಳಿಗೆ ಹೇಳುತ್ತೇನೆ ಎಂದಾಗ ನಕ್ಕ ಸಹೋದ್ಯೋಗಿಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ದೊಂಗ್‌ಝಿ ಎಂದರೆ ಚೀನೀಯರ ಲೆಕ್ಕದಲ್ಲಿ ಚಳಿಗಾಲದ ಸಂಕ್ರಮಣ: ಮಧ್ಯಾಹ್ನದ ನೆರಳು ವರ್ಷದಲ್ಲೇ ಅತಿ ಉದ್ದವಾಗಿ, ಸೂರ್ಯ ಮತ್ತೆ ಉತ್ತರಕ್ಕೆ ತಿರುಗುವ ಗಳಿಗೆ. 2024ರಲ್ಲಿ ಯಿನ್ ಎಂಬ ಕತ್ತಲ ಶಕ್ತಿ ತುದಿ ಮುಟ್ಟಿ, ಯಾಂಗ್ ಎಂಬ ಬೆಳಕಿನ ಶಕ್ತಿ ಮೊದಲ ಕುಡಿಯೊಡೆದದ್ದು, ಮುದ್ರಿತ ಪಂಚಾಂಗದ ಪ್ರಕಾರ, ಡಿಸೆಂಬರ್ 21ರ ಸಂಜೆ 5.20ಕ್ಕೆ. ನನ್ನ ಕಂಬ ಹೇಳಿದ್ದು ನಾಲ್ಕರ ಆಸುಪಾಸು. ಹಳೆಯ ಚೀನೀ ಕಾಲಮಾನದ ಒಂದು ಶಿಚೆನ್ ಎಂದರೆ ಎರಡು ಗಂಟೆ, ವ್ಯತ್ಯಾಸ ಅದರೊಳಗೇ ಬಂತು. ಚೀನಾದ ಸುಝೌ ನಗರದ ಬಾಡಿಗೆ ಮನೆಯ ತಾರಸಿಗೆ ಇದೇನು ಕಡಿಮೆಯೇ?

ಮೊದಲು ಬೆನ್ನಟ್ಟಿದ್ದು ಭೂಮಿಯ ಚಿಯನ್ನು, ಅಂದರೆ ನೆಲದೊಳಗಿಂದ ಏರುತ್ತದೆಂದು ಹಿಂದಿನವರು ನಂಬಿದ್ದ ಪ್ರಾಣವಾಯುವನ್ನು. ಎರಡು ಸಾವಿರ ವರ್ಷದಷ್ಟು ಹಿಂದಿನ ಹಾನ್ ರಾಜವಂಶದ ಕಾಲದವರ ಹನ್ನೆರಡು ಸ್ವರನಳಿಗೆಗಳ ವಿಧಾನ ಇದು: ಮುಚ್ಚಿದ ಕೋಣೆ, ತಿಂಗಳಿಗೊಂದು ನಳಿಗೆ, ಅದರೊಳಗೆ ಜೊಂಡಿನ ಒಳಪೊರೆಯ ಬೂದಿ, ತಿಂಗಳ ಚಿ ಏರಿದಾಗ ಆ ತಿಂಗಳ ನಳಿಗೆಯ ಬೂದಿ ಹಾರಬೇಕು. ಒಂಬತ್ತು ತ್ಸುನ್ (ಚೀನೀ ಅಂಗುಲ) ಉದ್ದದ ಮೊದಲ ನಳಿಗೆ ಹುವಾಂಗ್‌ಝೊಂಗ್‌ನಿಂದ ಹಿಡಿದು ಹನ್ನೆರಡನ್ನೂ ಬಿದಿರಿನಲ್ಲಿ ಕೊಯ್ದೆ. ಬೂದಿ ಹಾರಿತು, ಮೂರು ಸಲ. ಮೂರು ಸಲವೂ ಪಕ್ಕದ ಕೋಣೆಯ ಎಸಿ ಓಡುತ್ತಿತ್ತು. ಮುನ್ನೂರು ಯುವಾನ್ ಹೋಯಿತು, ಸ್ನಾನದ ಮನೆ ತಿಂಗಳುಗಟ್ಟಲೆ ಬಂದ್ ಆಯಿತು, ಹೆಂಡತಿ ಎರಡು ದಿನ ಮಾತು ಬಿಟ್ಟಳು.

ಆಮೇಲೆ ಆಕಾಶದ ಕಡೆ ತಿರುಗಿದೆ. ಎರಡು ಮೀಟರ್ ಎತ್ತರದ ಕಬ್ಬಿಣದ ಕಂಬ ನಿಲ್ಲಿಸಿದೆ. ನೆರಳಿನ ತುದಿ ಐದು ಸೆಂಟಿಮೀಟರ್ ಅಗಲಕ್ಕೆ ಮಸುಕು, ಎಲ್ಲಿ ಗೆರೆ ಎಳೆಯುವುದು? ಅದು ಸಾಲದೆಂಬಂತೆ ಮಳೆನೀರು ಹರಿಯಲೆಂದು ತಾರಸಿಯನ್ನೇ ಓರೆಯಾಗಿ ಕಟ್ಟಿದ್ದರು. ಒಂದು ಇಡೀ ಚಳಿಗಾಲದ ಅಳತೆ ಕಸದ ಬುಟ್ಟಿ ಸೇರಿತು. ಮರುವರ್ಷ ಹೆನಾನ್ ಪ್ರಾಂತ್ಯದ ದೆಂಗ್‌ಫೆಂಗ್‌ಗೆ ಹೋಗಿ, ಹದಿಮೂರನೇ ಶತಮಾನದ ಖಗೋಳಜ್ಞ ಗುವೊ ಶೌಜಿಂಗ್ ಕಟ್ಟಿಸಿದ ವೀಕ್ಷಣಾಲಯ ನೋಡಿದೆ. ಮೂವತ್ತೊಂದು ಮೀಟರ್ ಉದ್ದದ ಕಲ್ಲಿನ ಅಳತೆಪಟ್ಟಿಯ ಮೇಲೆ ಮಟ್ಟ ನೋಡಲು ನೀರಿನ ಕಾಲುವೆ ಕೊರೆದಿದ್ದಾರೆ. ನಾನು ಮೀನಿನ ತೊಟ್ಟಿಯ ಪೈಪಿನಲ್ಲಿ ನೀರು ತುಂಬಿ ಮಟ್ಟ ನೋಡಿಕೊಂಡೆ. ಕಂಬದ ನೆತ್ತಿಗೆ ಅವರಂತೆಯೇ ಅಡ್ಡಸರಳು. ನೆಲದ ಮೇಲೆ ಸರಿಸಲು ತೂತಿನ ತಗಡು, ನೆರಳಿನ ತುದಿ ಚೂಪಾಗಿಸುವ ಅವರ ಜಿಂಗ್‌ಫು ಎಂಬ ಸಾಧನ ಇದೇ: ಸೂರ್ಯನ ಪುಟ್ಟ ಬಿಂಬದ ನಡುವೆ ಸರಳು ಕೂದಲೆಳೆಯಂತೆ ಕಾಣುತ್ತದೆ. ತೂತಿನ ಅಳತೆ, ತಗಡಿನ ಓರೆ ಎಷ್ಟೆಂದು ಕೇಳಬೇಡಿ. ಹದಿನಾಲ್ಕು ತಗಡು ಹಾಳು ಮಾಡಿ ಕಲಿತದ್ದು, ನನ್ನಲ್ಲೇ ಇರಲಿ. ಖರ್ಚು ಒಟ್ಟು ಸುಮಾರು ಎರಡು ಸಾವಿರ ಯುವಾನ್, ರೈಲಿನ ಟಿಕೆಟ್ ಬಿಟ್ಟು.

ದೊಂಗ್‌ಝಿಯ ದಿನವೇ ಅಳೆಯುವುದು ದಡ್ಡತನ. ಆಗ ನೆರಳು ದಿನಕ್ಕೆ ಒಂದು ಮಿಲಿಮೀಟರ್ ಕೂಡ ಬದಲಾಗದು. ಗಣಿತಜ್ಞ ತ್ಸು ಚೊಂಗ್‌ಝಿ ಕ್ರಿ.ಶ. 461ರಲ್ಲಿ ಮಾಡಿದಂತೆ ಮೂರು ವಾರ ಹಿಂದೆ, ಮೂರು ವಾರ ಮುಂದೆ ಅಳೆದು ನಡುಬಿಂದು ಹಿಡಿಯಬೇಕು. ಅಲ್ಲಿ ದಿನಕ್ಕೆ ಒಂದೂವರೆ ಸೆಂಟಿಮೀಟರ್ ವ್ಯತ್ಯಾಸ. ನವೆಂಬರ್ 28ರ ನೆರಳಿಗೆ ಸಮನಾದದ್ದು ಜನವರಿ 13, 14ರ ಮಧ್ಯಾಹ್ನಗಳ ನಡುವೆ ಎಲ್ಲೋ ಮೂರನೇ ಒಂದು ಭಾಗದಲ್ಲಿ ಸಿಕ್ಕಿತು. ಅವೆರಡರ ನಡುಬಿಂದುವೇ ಡಿಸೆಂಬರ್ 21ರ ಸಂಜೆ ನಾಲ್ಕು. 14ರಂದು ಊರಿಂದ ಅಮ್ಮ ಕರೆ ಮಾಡಿ ಎಳ್ಳು ಬೆಲ್ಲ ತಿಂದೆಯಾ, ಉತ್ತರಾಯಣ ಶುರುವಾಯಿತು ಎಂದಳು. ಅದು ಶುರುವಾಗಿ ಇಪ್ಪತ್ತನಾಲ್ಕು ದಿನವಾಯಿತು, ಲೆಕ್ಕ ನನ್ನ ಕೈಯಲ್ಲೇ ಇದೆ ಎಂದೆ. ಅವಳಿಗೆ ಸಿಟ್ಟು ಬಂತು.

ಕೆಳಮನೆಯ ನಿವೃತ್ತ ಮೇಷ್ಟ್ರು ಮಾತ್ರ ಒಪ್ಪಿ, ದೊಂಗ್‌ಝಿಯ ರಾತ್ರಿಗೆಂದು ತಂದಿದ್ದ ದೊಂಗ್‌ನಿಯಾಂಗ್ ಎಂಬ ಅಕ್ಕಿ ಮದ್ಯದಲ್ಲಿ ಉಳಿದ ಅರ್ಧ ಬಾಟಲಿ ಕೊಟ್ಟರು. ಹುಳಿಯಾಗಿತ್ತು, ಕುಡಿದೆ.

ನೆರಳು ಅತಿ ಗಿಡ್ಡವಾಗುವ ಬೇಸಿಗೆಯ ಸಂಕ್ರಮಣ ಶ್ಯಾಝಿಯನ್ನೂ ಹಿಡಿಯೋಣವೆಂದು ಜೂನ್‌ನಲ್ಲಿ ತಗಡು ಹಿಡಿದು ಕೂತೆ. ಆ ನೆರಳು ಇಪ್ಪತ್ತೇಳು ಸೆಂಟಿಮೀಟರ್ ಆಗಬೇಕು. ಮೆಯ್‌ಯೂ ಎಂಬ ಜೂನ್‌ನ ಜಡಿಮಳೆ ಹಿಡಿದುಕೊಂಡಿತು, ಮೂರು ವಾರ ಬಿಸಿಲೇ ಇಲ್ಲ.