ಮುಳ್ಳಯ್ಯನಗಿರಿಯ ಎತ್ತರವನ್ನು ಬೂದು ಬಣ್ಣದಲ್ಲಿ ಕಂಡ ಬಗೆ

ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸಂಖ್ಯೆಗಳ ಮ್ಯಾಟ್ರಿಕ್ಸನ್ನು, ಅಂದರೆ ಸಾಲು-ಕಂಬಸಾಲುಗಳ ಪಟ್ಟಿಯನ್ನು, ಚಿತ್ರವಾಗಿ ತೋರಿಸಲು ಚಿತ್ರ ಬಿಡಿಸುವ ಮ್ಯಾಟ್‌ಪ್ಲಾಟ್‌ಲಿಬ್ ಲೈಬ್ರರಿಯ ಇಮ್‌ಶೋ ಎಂಬ ಒಂದು ಸಾಲು ಸಾಕು. ಆದರೆ ಯಾವ ಸಂಖ್ಯೆ ಕಪ್ಪು, ಯಾವುದು ಬಿಳಿ ಎಂಬ ತೀರ್ಮಾನವನ್ನೂ ಆ ಸಾಲಿಗೇ ಬಿಟ್ಟುಬಿಡಬಾರದು. ಚಿಕ್ಕಮಗಳೂರಿನ ನಮ್ಮ ಬೆಟ್ಟಗಳ ಎತ್ತರವನ್ನು ಚಿತ್ರ ಮಾಡುವಾಗ ಇದು ನನಗೆ ಚೆನ್ನಾಗಿ ಮನದಟ್ಟಾಯಿತು.

2000ದ ಫೆಬ್ರುವರಿಯಲ್ಲಿ ನಾಸಾದ ಎಂಡೆವರ್ ಬಾಹ್ಯಾಕಾಶ ನೌಕೆ ರಾಡಾರ್‌ನಿಂದ ಭೂಮಿಯ ಎತ್ತರ ಅಳೆದು ತಂದ ಎಸ್‌ಆರ್‌ಟಿಎಂ ದತ್ತಾಂಶ ಉಚಿತವಾಗಿ ಸಿಗುತ್ತದೆ. ಅಕ್ಷಾಂಶ, ರೇಖಾಂಶ ಒಂದೊಂದು ಡಿಗ್ರಿಯ ಚೌಕಕ್ಕೆ ಒಂದು ಫೈಲ್. 13 ಉತ್ತರ, 75 ಪೂರ್ವದ ಫೈಲ್ ತೆಗೆದುಕೊಂಡರೆ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ, ಕುದುರೆಮುಖ, ಆಗುಂಬೆ ಎಲ್ಲ ಅದರೊಳಗೇ ಇವೆ. ಹಾಸನ ಊರು ಮಾತ್ರ 76ರ ಆಚೆಗೆ ಬೀಳುತ್ತದೆ. ಸುಮಾರು 30 ಮೀಟರಿಗೊಂದು ಬಿಂದುವಿನಂತೆ 3601 ಸಾಲು, 3601 ಕಂಬಸಾಲು, ಒಟ್ಟು 1.29 ಕೋಟಿಗೂ ಹೆಚ್ಚು ಸಂಖ್ಯೆಗಳು. ಒಂದೊಂದಕ್ಕೂ ಎರಡು ಬೈಟ್, ಹೆಚ್ಚು ಬೆಲೆಯ ಬೈಟ್ ಮೊದಲು. ಈ ಕ್ರಮವನ್ನು ಫೈಲ್ ಓದುವ ನಂಪೈಗೆ (ಪೈಥಾನ್‌ನ ಸಂಖ್ಯೆಗಳ ಲೈಬ್ರರಿ) ಹೇಳಲೇಬೇಕು. ಇಲ್ಲದಿದ್ದರೆ 1 ಮೀಟರ್ 256 ಮೀಟರ್ ಆಗಿ ಓದಿಸಿಕೊಳ್ಳುತ್ತದೆ. ಮೊದಲ ಸಾಲು ಉತ್ತರದ ಅಂಚಿನದು, ಇಮ್‌ಶೋ ಕೂಡ ಮೊದಲ ಸಾಲನ್ನು ಮೇಲೇ ಇಡುತ್ತದೆ, ತಿರುಗಿಸುವ ಗೊಡವೆಯಿಲ್ಲ.

ಯಾವ ಸಂಖ್ಯೆಗೆ ಯಾವ ಬಣ್ಣ ಎಂದು ಹೇಳುವ ಕಲರ್‌ಮ್ಯಾಪನ್ನು ‘ಗ್ರೇ’ ಎಂದು ಕೊಡದಿದ್ದರೆ ನೀಲಿ-ಹಸಿರು-ಹಳದಿಯ ಚಿತ್ರ ಬರುತ್ತದೆ. ಎತ್ತರವೊಂದನ್ನೇ ನೋಡಬೇಕಾದಾಗ ನನಗೆ ಬೂದು ಬಣ್ಣವೇ ಇಷ್ಟ. ಬಣ್ಣ ಬದಲಾದಲ್ಲಿ ಕಣ್ಣು ಇಲ್ಲದ ಅಂಚನ್ನು ಕಾಣುವ ಅಪಾಯ ಇದರಲ್ಲಿ ಕಡಿಮೆ.

ನಿಜವಾದ ಕೆಲಸ ಶುರುವಾಗುವುದು ಇಲ್ಲಿಂದ. ಏನೂ ಹೇಳದಿದ್ದರೆ ಮ್ಯಾಟ್ರಿಕ್ಸಿನ ಅತಿ ಚಿಕ್ಕ ಸಂಖ್ಯೆ ಕಪ್ಪು, ಅತಿ ದೊಡ್ಡದು ಬಿಳಿ. ಈ ದತ್ತಾಂಶದ ಹಳೆಯ ಆವೃತ್ತಿಗಳಲ್ಲಿ ಅಳತೆ ಸಿಗದ ಜಾಗಕ್ಕೆ -32768 ಎಂದು ತುಂಬಿರುತ್ತಾರೆ. ಅಂಥ ಒಂದೇ ಬಿಂದು ಇದ್ದರೂ ಸಾಕು, ಸೊನ್ನೆಯಿಂದ ಮುಳ್ಳಯ್ಯನಗಿರಿಯ 1,930 ಮೀಟರ್‌ವರೆಗಿನ ಇಡೀ ನೆಲ 256 ಛಾಯೆಗಳಲ್ಲಿ ಸುಮಾರು 14ಕ್ಕೆ ಮುದುಡಿಕೊಳ್ಳುತ್ತದೆ. ಕಾಣುವುದು ಬರೀ ಬಿಳಿ ಹಾಳೆ. ಆ ಬಿಂದುಗಳನ್ನು ಮೊದಲು ಮಾಸ್ಕ್ ಮಾಡಿ ಲೆಕ್ಕದಿಂದ ಹೊರಗಿಡುತ್ತೇನೆ. ಆಮೇಲೆ ಕಪ್ಪಾಗಬೇಕಾದ ಸಂಖ್ಯೆ (ವಿಮಿನ್) 0, ಬಿಳಿಯಾಗಬೇಕಾದ ಸಂಖ್ಯೆ (ವಿಮ್ಯಾಕ್ಸ್) 1930 ಎಂದು ನಾನೇ ಕೊಡುತ್ತೇನೆ. ಈಗ ಒಂದು ಛಾಯೆಗೆ ಏಳೂವರೆ ಮೀಟರ್. ಘಟ್ಟದ ಅಂಚು ಕತ್ತರಿಸಿಟ್ಟಂತೆ ಎದ್ದು ಕಾಣುತ್ತದೆ.

ಆದರೆ ಊರಿನ ಸುತ್ತಲ ಕಾಫಿ ತೋಟಗಳ ಕಣಿವೆ ನೋಡಬೇಕೆಂದರೆ ಇದೂ ಸಾಲದು. ಅದಕ್ಕೆ 900ರಿಂದ 1200 ಕೊಡುತ್ತೇನೆ. ಘಟ್ಟದ ಕೆಳಗಿನದೆಲ್ಲ ಕಪ್ಪಾಗಿ, ಗಿರಿಶ್ರೇಣಿಯೆಲ್ಲ ಬಿಳಿಯಾಗಿ, ನಡುವಿನ ಹಳ್ಳಗಳು ಬಾಯಿಬಿಡುತ್ತವೆ. ಇನ್ನೂ ಕಿರಿದು ಮಾಡಿ ಲಾಭವಿಲ್ಲ: ಅಳತೆಯೇ ಪೂರ್ಣ ಮೀಟರುಗಳಲ್ಲಿದೆ, ಅದರಲ್ಲೂ 16 ಮೀಟರ್‌ವರೆಗೆ ವ್ಯತ್ಯಾಸಕ್ಕೆ ಅವಕಾಶವಿಟ್ಟೇ ಆ ಯೋಜನೆ ರೂಪಿಸಿದ್ದು. ಯಾವ ಛಾಯೆ ಎಷ್ಟು ಮೀಟರ್ ಎಂದು ತೋರಿಸುವ ಕಲರ್‌ಬಾರ್ ಪಟ್ಟಿಯನ್ನು ಪಕ್ಕದಲ್ಲಿ ತಪ್ಪದೆ ಇಡಿ. ಇಲ್ಲದಿದ್ದರೆ ನೋಡಿದವರು ಬಿಳಿಯನ್ನು ಬಿಸಿಲೆಂದು ತಿಳಿಯುತ್ತಾರೆ.

ಉಳಿಸುವಾಗಲೂ ಎಚ್ಚರ ಬೇಕು. ಎಂಟು ಬಿಟ್‌ನಲ್ಲಿ 0ಯಿಂದ 255ರವರೆಗಿನ ಸಂಖ್ಯೆಗಳಿಗಷ್ಟೇ ಜಾಗ; ಮೀಟರುಗಳನ್ನು ಆ ವ್ಯಾಪ್ತಿಗೆ ಹೊಂದಿಸಿಕೊಳ್ಳದೆ ನೇರವಾಗಿ ಬದಲಿಸಿದರೆ ಸಂಖ್ಯೆ 256ಕ್ಕೊಮ್ಮೆ ಸೊನ್ನೆಗೆ ಮರಳುತ್ತದೆ: 1791 ಮೀಟರ್ ಅಚ್ಚ ಬಿಳಿ, 1792 ಅಚ್ಚ ಕಪ್ಪು, 1930ಕ್ಕೆ 138ರ ನಡುಬೂದು. ಬೆಟ್ಟದ ಸುತ್ತ ಬಳೆ ತೊಡಿಸಿದಂತಹ ಪಟ್ಟೆಗಳು ಕಂಡರೆ ಕಾರಣ ಇದೇ. ಹದಿನಾರು ಬಿಟ್‌ನ ಪಿಎನ್‌ಜಿ ಚಿತ್ರದ ಫೈಲಿನಲ್ಲಿ ಮೀಟರುಗಳು ಹಾಗೇ ಉಳಿಯುತ್ತವೆ, ಆದರೆ ಅಲ್ಲಿ ಅಚ್ಚ ಬಿಳಿಯೆಂದರೆ 65535, ಅದರ ಮುಂದೆ 1930 ಎಷ್ಟು ಮಹಾ. ತೆರೆದರೆ ಹೆಚ್ಚುಕಡಿಮೆ ಕಪ್ಪೇ. ಹಾಗಾಗಿ ಎರಡನ್ನೂ ಇಟ್ಟುಕೊಳ್ಳುತ್ತೇನೆ: ಲೆಕ್ಕಕ್ಕೆ ಹದಿನಾರು ಬಿಟ್‌ನದು, ತೋಟದವರಿಗೆ ತೋರಿಸಲು ಎಂಟರದು.