ಡಯಲ್ ಹಿಡಿಯದೆ ಕಟ್ಟರ್ ಇಳಿಸಬೇಡಿ

ಈಗಿನ ಹುಡುಗರು ಮನೆಗೆ ಸಣ್ಣ ಮಿಲ್ಲಿಂಗ್ ಮಷಿನ್, ಅಂದರೆ ತಿರುಗುವ ಕಟ್ಟರಿನಿಂದ ಲೋಹ ಕೊರೆಯುವ ಯಂತ್ರ, ತರಿಸಿಕೊಳ್ಳುತ್ತಾರೆ, ಪೆಟ್ಟಿಗೆ ಬಿಚ್ಚಿದ ದಿನವೇ ವೈಸಿಗೆ ಕಬ್ಬಿಣ ಕಚ್ಚಿಸಿ ಕಟ್ಟರ್ ಇಳಿಸಿಬಿಡುತ್ತಾರೆ. ಆಮೇಲೆ ಮೈಯೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಬಂತು, ಮಷಿನ್ನೇ ಸರಿಯಿಲ್ಲ ಅಂತ ಗೊಣಗಾಟ. ಅಲ್ರಪ್ಪಾ, ಇಷ್ಟು ಚಿಕ್ಕ ಮಷಿನ್ನು ದೂರದಿಂದ ಲಾರಿಯಲ್ಲಿ ಕುಲುಕಾಡಿಕೊಂಡು ಬಂದಿರುತ್ತದೆ. ಅದನ್ನು ನೆಟ್ಟಗೆ ನಿಲ್ಲಿಸಿಕೊಳ್ಳುವ ಕೆಲಸ ತಂದವರದ್ದೇ. ದಾವಣಗೆರೆಯ ನಮ್ಮ ಶೆಡ್ಡಿಗೆ ಕೆಟ್ಟ ಜಾಬ್ (ಕೊರೆಯುವ ತುಂಡಿಗೆ ನಾವು ಜಾಬ್ ಅನ್ನುತ್ತೇವೆ) ಹಿಡಿದುಕೊಂಡು ಬರುವ ಹುಡುಗರಿಗೆಲ್ಲ ಇದನ್ನೇ ಹೇಳಿ ಹೇಳಿ ಬಾಯಿ ನೋಯುತ್ತಿದೆ, ಅದಕ್ಕೇ ಬರೆದಿಡುತ್ತಿದ್ದೇನೆ.

ನಮ್ಮ ಮನೆಯವರು ಹರಿಹರದ ಮೈಸೂರು ಕಿರ್ಲೋಸ್ಕರ್‌ನಲ್ಲಿ ಕೆಲಸ ಕಲಿತವರು. 1941ರಲ್ಲಿ ಶುರುವಾದ ಕಾರ್ಖಾನೆ ಅದು, ಈಗ ಇಲ್ಲ. ಅಲ್ಲಿ ತಯಾರಾದ ಲೇತುಗಳು ಮಾತ್ರ ಇನ್ನೂ ಎಷ್ಟೋ ವರ್ಕ್‌ಶಾಪುಗಳಲ್ಲಿ ತಿರುಗುತ್ತಿವೆ. ಅವರು ಮನೆ ಹಿಂದೆ ಶೆಡ್ ಹಾಕಿದಾಗ ಲೇತು ಅವರ ಕೈಯಲ್ಲಿತ್ತು, ಮಿಲ್ಲಿಂಗ್ ನನ್ನ ಕೈಗೆ ಬಂತು. ಚನ್ನಗಿರಿ ಕಡೆಯಿಂದ ಅಡಿಕೆ ಸುಲಿಯುವ ಯಂತ್ರದ ಶಾಫ್ಟುಗಳು ಬರುತ್ತಿದ್ದವು, ಅವಕ್ಕೆ ಕೀ, ಅಂದರೆ ಚಕ್ರ ಶಾಫ್ಟಿನ ಮೇಲೆ ಜಾರದಂತೆ ಹಿಡಿಯುವ ಲೋಹದ ತುಂಡು, ಕೂರುವ ತೋಡು ಕೊರೆಯುವುದು ನನ್ನ ಕೆಲಸ. ತೋಡು ಒಂಚೂರು ಓರೆಯಾದರೂ ಕೀ ಕೂರುವುದಿಲ್ಲ, ಕೂತರೂ ಸುಗ್ಗಿಯ ನಡುವೆ ಸಡಿಲವಾಗಿ ರೈತ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ.

ಮೊದಲು ಕಾರ್ಖಾನೆಯವರು ಬಳಿದ ಜಿಡ್ಡನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆಯಿರಿ. ಅದು ತುಕ್ಕು ಹಿಡಿಯದಿರಲಿ ಅಂತ ಬಳಿದದ್ದು, ಜಾರುವುದಕ್ಕಲ್ಲ. ಒರೆಸಿ, ಜಾರುವ ಜಾಗಗಳಿಗೆ ಸ್ಲೈಡ್‌ವೇ ಎಣ್ಣೆ ಹಾಕಿ, 68 ನಂಬರಿನದು ಸಾಕು. ಅಡುಗೆ ಮನೆಯ ಶೇಂಗಾ ಎಣ್ಣೆ ತಂದು ಸುರಿದವರನ್ನೂ ಕಂಡಿದ್ದೇನೆ! ಹೊಲಿಗೆ ಮಷಿನ್ನಿಗೆ ಕೊಬ್ಬರಿ ಎಣ್ಣೆ ಬಿಡುವ ಹೆಣ್ಣುಮಕ್ಕಳೂ ಇದನ್ನು ಕೇಳಿಸಿಕೊಳ್ಳಿ: ತಿನ್ನುವ ಎಣ್ಣೆ ದಿನ ಕಳೆದಂತೆ ಅಂಟಾಗಿ ಕೂರುತ್ತದೆ, ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಿ ಚಕ್ರವೇ ಅಲ್ಲಾಡುವುದಿಲ್ಲ. ಹೊಲಿಗೆ ಮಷಿನ್ನಿನ ಎಣ್ಣೆ ಅಂತಲೇ ಸಿಗುತ್ತದೆ, ಅದನ್ನೇ ಬಿಡಿ.

ಇನ್ನು ಗಿಬ್, ಅಂದರೆ ಟೇಬಲ್ ಅಲ್ಲಾಡದಂತೆ ಒತ್ತಿ ಹಿಡಿಯುವ ಪಟ್ಟಿ. ಟೇಬಲ್ಲಿನ ಪಕ್ಕದಲ್ಲಿರುವ ಆ ಪಟ್ಟಿಯ ಸ್ಕ್ರೂಗಳನ್ನು ಟೇಬಲ್ ಬಿಗಿಯಾಗುವ ತನಕ ತಿರುಗಿಸಿ, ಆಮೇಲೆ ಕೂದಲೆಳೆಯಷ್ಟು ಹಿಂದಕ್ಕೆ ಬಿಡಿ. ಹಿಡಿಕೆ ತಿರುಗಿಸಿದರೆ ರೊಟ್ಟಿ ಹಿಟ್ಟು ನಾದುವಾಗ ಸಿಗುವಂಥ ಬಿಗಿ ಅಂಗೈಗೆ ಸಿಗಬೇಕು. ಟೇಬಲ್ಲಿನ ಈ ತುದಿಯಿಂದ ಆ ತುದಿಯವರೆಗೂ ಅದೇ ಬಿಗಿ ಇರಬೇಕು.

ಈಗ ಮುಖ್ಯ ಕೆಲಸ. ಸ್ಪಿಂಡಲ್, ಅಂದರೆ ಕಟ್ಟರನ್ನು ತಿರುಗಿಸುವ ದಂಡ, ಟೇಬಲ್ಲಿಗೆ ನೇರ ತೊಂಬತ್ತು ಡಿಗ್ರಿಗೆ ನಿಂತಿದೆಯಾ ಅಂತ ಡಯಲ್, ಅಂದರೆ ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಮುಳ್ಳಿನಲ್ಲಿ ತೋರಿಸುವ ಗೇಜು, ಹಿಡಿದು ನೋಡಬೇಕು. ಮೂಲೆಮಟ್ಟ ಇಟ್ಟು ಕಣ್ಣಲ್ಲಿ ನೋಡಿದರೆ ಆಗುವುದಿಲ್ಲ. ಸ್ಪಿಂಡಲ್ ಕೂತಿರುವ ತಲೆಯ ಮೇಲೆ ಕೊರೆದ ಡಿಗ್ರಿ ಗೆರೆಯನ್ನಂತೂ ನಂಬಲೇಬೇಡಿ.

ಟೇಬಲ್ಲಿನ ಮೇಲೆ ಉದ್ದುದ್ದ ಕಾಲುವೆಗಳಿವೆ, ಡಯಲ್ಲಿನ ಕಡ್ಡಿ ಅದರೊಳಗೆ ಬಿದ್ದು ಎಗರುತ್ತದೆ. ಅದಕ್ಕೆ ದೊಡ್ಡ ಬಾಲ್ ಬೇರಿಂಗಿನ ಹೊರಬಳೆ ಬೇಕು. 6310 ನಂಬರಿನದಾದರೆ 110 ಮಿ.ಮೀ. ಅಡ್ಡಳತೆ, ಸಣ್ಣ ಟೇಬಲ್ಲಿಗೆ ಹೇಳಿ ಮಾಡಿಸಿದ್ದು. ಗ್ಯಾರೇಜಿನಲ್ಲಿ ಕೇಳಿದರೆ ಸವೆದದ್ದನ್ನು ಸುಮ್ಮನೆ ಕೊಡುತ್ತಾರೆ. ಬಳೆಯ ಎರಡು ಪಕ್ಕಗಳನ್ನೂ ಗ್ರೈಂಡ್ ಮಾಡಿರುತ್ತಾರೆ, ದಪ್ಪ ಸುತ್ತಲೂ ಒಂದೇ. ಸವೆಯುವುದು ಗುಂಡು ಓಡುವ ಜಾಗ, ಪಕ್ಕವಲ್ಲ. ಅದನ್ನು ಬಿಡಿಸಲು ಸುತ್ತಿಗೆ ಎತ್ತಬೇಡಿ. ಗಟ್ಟಿ ಉಕ್ಕು, ಚೂರು ಸಿಡಿದು ಕಣ್ಣಿಗೆ ಬೀಳುತ್ತದೆ. ಒಳಗಿನ ತಗಡಿನ ಪಂಜರದ ರಿವೆಟ್ ಕತ್ತರಿಸಿ ತೆಗೆದು, ಗುಂಡುಗಳನ್ನೆಲ್ಲ ಒಂದೇ ಕಡೆಗೆ ತಳ್ಳಿದರೆ ಒಳಬಳೆ ತಾನೇ ಕಳಚಿಕೊಳ್ಳುತ್ತದೆ.

ಟೇಬಲ್ಲಿಗೆ ಎಣ್ಣೆಕಲ್ಲನ್ನು ಹಗುರವಾಗಿ ಸವರಿ, ಒರೆಸಿ, ಬರಿಗೈಯಿಂದ ಇನ್ನೊಮ್ಮೆ ಸವರಿ. ಬಟ್ಟೆಗೆ ಸಿಗದ ಬೂರು, ಅಂದರೆ ಲೋಹದ ಚೂರು, ಅಂಗೈಗೆ ಸಿಗುತ್ತದೆ. ಬಳೆಯನ್ನು ಸ್ಪಿಂಡಲ್ಲಿನ ಕೆಳಗೆ ನಡುವಿಗೆ ಇಡಿ. ಪ್ಲಗ್ ಕಿತ್ತಿಡಿ, ಮರೆಯಬೇಡಿ. ಬಗ್ಗಿಸಿದ ಸರಳಿನ ತುದಿಗೆ ಲಿವರ್ ಡಯಲ್ ಕಟ್ಟಿ, ಸರಳನ್ನು ಕಾಲೆಟ್ಟಿನಲ್ಲಿ, ಅಂದರೆ ಕಟ್ಟರನ್ನು ಸುತ್ತಲೂ ಅಪ್ಪಿ ಹಿಡಿಯುವ ಕೊಳವೆಯಲ್ಲಿ, ಹಿಡಿಸಿ. ಕಡ್ಡಿ ಬಳೆಯನ್ನು ಮುಟ್ಟಿ ಮುಳ್ಳು ಒಂಚೂರು ಕದಲಲಿ. ಎಲ್ಲ ಲಾಕುಗಳನ್ನೂ ಬಿಗಿದು ಸ್ಪಿಂಡಲನ್ನು ಕೈಯಲ್ಲೇ ನಿಧಾನ ತಿರುಗಿಸಿ, ಎಡ, ಬಲ, ಮುಂದೆ, ಹಿಂದೆ ನಾಲ್ಕೂ ಕಡೆಯ ಲೆಕ್ಕ ಸೀಮೆಸುಣ್ಣದಲ್ಲಿ ಬರೆದುಕೊಳ್ಳಿ. ಆಮೇಲೆ ಬಳೆಯನ್ನು ಅರ್ಧ ಸುತ್ತು ತಿರುಗಿಸಿಟ್ಟು ಮತ್ತೆ ನೋಡಿ. ಲೆಕ್ಕ ಬದಲಾದರೆ ಬಳೆಯ ಕೆಳಗೆ ಕಸ ಸಿಕ್ಕಿದೆ ಅಂತ ತಿಳಿಯಿರಿ.

ಎಡಬಲದ ವ್ಯತ್ಯಾಸಕ್ಕೆ ತಲೆಯ ಬೋಲ್ಟು ಅರೆಸಡಿಲ ಮಾಡಿ, ಮರದ ಸುತ್ತಿಗೆಯಿಂದ ತಟ್ಟಿ ವ್ಯತ್ಯಾಸದ ಅರ್ಧದಷ್ಟು ಸರಿಸಿ, ಮತ್ತೆ ಅಳೆಯಿರಿ. ಎಲ್ಲರೂ ಎಡವುವುದು ಮುಂದಿನ ಹೆಜ್ಜೆಯಲ್ಲಿ: ಬೋಲ್ಟು ಬಿಗಿದಾಗ ತಲೆ ಮತ್ತೆ ಜರುಗುತ್ತದೆ. ಒಂದೇ ಬೋಲ್ಟನ್ನು ಪೂರ್ತಿ ಬಿಗಿಯದೆ ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಮುಳ್ಳಿನ ಮೇಲೆ ಕಣ್ಣಿಡಿ. ಪೂರ್ತಿ ಬಿಗಿದ ಮೇಲೆ ಬಂದ ಲೆಕ್ಕವೇ ಲೆಕ್ಕ. ಬಳೆಯ ಅಡ್ಡಳತೆಯಲ್ಲಿ ಡಯಲ್ಲಿನ ಎರಡು ಗೆರೆ, ಅಂದರೆ 0.02 ಮಿ.ಮೀ. ಒಳಗೆ ಬರುವ ತನಕ ನಾನಂತೂ ಎದ್ದು ಊಟಕ್ಕೂ ಹೋಗುವವಳಲ್ಲ.

ಹಿಂದುಮುಂದಿನ ವ್ಯತ್ಯಾಸ ಬೇರೆ ತರಹದ್ದು. ಸಣ್ಣ ಮಷಿನ್ನುಗಳಲ್ಲಿ ಹೆಚ್ಚಿನವಕ್ಕೆ ಅದನ್ನು ತಿದ್ದುವ ತಿರುಪೇ ಇರುವುದಿಲ್ಲ, ತಲೆ ಹೊತ್ತ ಕಂಬದ ಬುಡದಲ್ಲಿ ತಗಡಿನ ಪ್ಯಾಕಿಂಗ್ ಕೊಡಬೇಕು. ಡಯಲ್ ಎತ್ತ ಹೆಚ್ಚು ಒತ್ತಿಕೊಂಡಿದೆಯೋ ಕಂಬ ಅತ್ತ ವಾಲಿದೆ, ಆ ಕಡೆಯ ಬೋಲ್ಟಿನ ಕೆಳಗೇ ತಗಡು ಹೋಗಬೇಕು. ಬೋಲ್ಟುಗಳ ನಡುವಿನ ಅಂತರ ಡಯಲ್ ಸುತ್ತಿದ ಅಗಲದಷ್ಟೇ ಇದ್ದರೆ ವ್ಯತ್ಯಾಸವೆಷ್ಟೋ ಪ್ಯಾಕಿಂಗೂ ಅಷ್ಟೇ ದಪ್ಪ. ಅಂತರ ದುಪ್ಪಟ್ಟಾದರೆ ಪ್ಯಾಕಿಂಗೂ ದುಪ್ಪಟ್ಟು. ಹಿತ್ತಾಳೆ ತಗಡು ಒಳ್ಳೆಯದು. ಸಂದಿ ಅಳೆಯುವ ಹಳೆಯ ಫೀಲರ್ ಗೇಜಿನ ತೆಳು ಎಲೆಗಳೂ ಆಗುತ್ತವೆ. ಕಾಗದ ಬೇಡ, ಎಣ್ಣೆ ಕುಡಿದು ಮೆತ್ತಗಾಗುತ್ತದೆ.

ಸರಿಯಾಗಿದೆಯೋ ಅಂತ ನೋಡಲು ಅಲ್ಯೂಮಿನಿಯಂ ತುಂಡೊಂದರ ಮೇಲೆ ಒಂದೇ ಹಲ್ಲಿನ ಫ್ಲೈ ಕಟ್ಟರ್ ಓಡಿಸಿ, ಸೀಮೆಎಣ್ಣೆ ಎರಡು ಹನಿ ಬಿಟ್ಟುಕೊಂಡು. ಕಮಾನು ಗೆರೆಗಳು ಎರಡೂ ದಿಕ್ಕಿನಿಂದ ಬಂದು ಒಂದನ್ನೊಂದು ಹಾಯ್ದರೆ ತಲೆ ನೆಟ್ಟಗಿದೆ. ಒಂದೇ ಕಡೆಗೆ ಬಾಗಿದ ಗೆರೆ ಮಾತ್ರ ಕಂಡರೆ ಮತ್ತೆ ಡಯಲ್ ಕಟ್ಟಿ, ಬೇಸರ ಮಾಡಿಕೊಳ್ಳಬೇಡಿ.

ಎಂಡ್ ಮಿಲ್ಲನ್ನು, ಅಂದರೆ ಪಕ್ಕದಲ್ಲೂ ಹಲ್ಲಿರುವ ಕಟ್ಟರನ್ನು, ಡ್ರಿಲ್ ಚಕ್ಕಿನಲ್ಲಿ ಹಿಡಿಯಬೇಡಿ. ಡ್ರಿಲ್ ಚಕ್ ಕೆಳಗೊತ್ತುವುದಕ್ಕೆ ಇರುವುದು, ಪಕ್ಕದ ಒತ್ತಡಕ್ಕೆ ಚಕ್ಕೇ ಕಳಚಿ ಬೀಳುತ್ತದೆ. ಕಾಲೆಟ್ಟಿಗೆ ದುಡ್ಡು ಹಾಕಿ. ಜಾಬ್ ಯಾವಾಗಲೂ ಕಟ್ಟರ್ ತಿರುಗುವುದಕ್ಕೆ ಎದುರಾಗಿ ಹೋಗಲಿ, ಅದರ ಜೊತೆಗೆ ಹೋದರೆ ಸ್ಕ್ರೂವಿನ ಸಡಿಲವಿರುವಷ್ಟೂ ಟೇಬಲನ್ನು ಎಳೆದುಕೊಂಡು ಹಲ್ಲು ಮುರಿಯುತ್ತದೆ. ಓಡಿಸದ ದಿಕ್ಕಿನ ಲಾಕ್ ಬಿಗಿದಿರಲಿ. ಬೀಡು ಕಬ್ಬಿಣ ಕೊರೆಯುವಾಗ ಜಾರುವ ಜಾಗಗಳ ಮೇಲೆ ಹಳೆಯ ಪೇಪರ್ ಹಾಸಿ, ಆ ಕರಿಪುಡಿ ಗಿಬ್ಬಿನೊಳಗೆ ಹೋದರೆ ತೇಯ್ದುಬಿಡುತ್ತದೆ. ಬೂರನ್ನು ಬ್ರಷ್‌ನಿಂದ ಗುಡಿಸಿ, ಗಾಳಿ ಹೊಡೆಯಬೇಡಿ. ಕಾಟನ್ ವೇಸ್ಟನ್ನು ಕಟ್ಟರ್ ಪೂರ್ತಿ ನಿಂತ ಮೇಲೆಯೇ ಕೈಗೆತ್ತಿಕೊಳ್ಳಿ. ಒಂದು ನೂಲು ಸುತ್ತಿಕೊಂಡರೂ ಬೆರಳು ಒಳಗೆ ಹೋಗುತ್ತದೆ. ಸೆರಗು, ದುಪಟ್ಟಾ, ತೋಳಿನ ಗುಂಡಿ, ಬಳೆ ಎಲ್ಲಕ್ಕೂ ಇದೇ ಮಾತು.